ಹುರಿದರೂ ಹೋಗದ ನಂಜು

ಕಡಲೆಕಾಯಿ ತಿನ್ನುವವರಿಗೆಲ್ಲ ಈ ಅನುಭವ ಉಂಟು. ಬಿಸಿಬಿಸಿ ಹುರಿದ ಕಾಯನ್ನು ಸುಲಿದು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಿರುವಾಗ, ಮಾತಿನ ನಡುವೆ ಎಲ್ಲೋ ಒಂದು ಬೀಜ ಕಚ್ಚಿದೊಡನೆ ಬಾಯೆಲ್ಲ ಕಹಿಯಾಗುತ್ತದೆ. ಕೆಲವರು ಉಗುಳುತ್ತಾರೆ. ಬಹಳಷ್ಟು ಮಂದಿ ನಾಲ್ಕು ಜನರೆದುರು ಉಗುಳುವುದು ಹೇಗೆಂದು ಹಾಗೇ ನುಂಗಿ, ಮೇಲೆ ಎರಡು ಒಳ್ಳೆಯ ಬೀಜ ಹಾಕಿಕೊಂಡು ಕಹಿಯನ್ನು ಮರೆಯುತ್ತಾರೆ. ದಯವಿಟ್ಟು ಉಗುಳಿ, ಸಂಕೋಚ ಬೇಡ. ಈ ವಾರದ ವಿಷಯ ಆ ಒಂದು ಬೀಜವೇ.

ಚೆನ್ನಾಗಿ ಬೇಯಿಸಿ ತಿಂದರೆ ಯಾವ ಭಯವೂ ಇಲ್ಲ ಎಂಬುದು ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದ ಮಾತು. ಹಾಲು, ನೀರು, ಮಾಂಸ, ಮೊಟ್ಟೆಗಳ ಮಟ್ಟಿಗೆ ಅದು ಬಹುಪಾಲು ಸರಿ. ಆದರೆ ಬೆಂಕಿ ಕೊಲ್ಲಬಲ್ಲದ್ದು ಜೀವ ಇರುವುದನ್ನು ಮಾತ್ರ. ಬೂಷ್ಟಿಗೆ ಜೀವವಿದೆ, ಹುರಿದರೆ ಸಾಯುತ್ತದೆ. ಅದು ಬದುಕಿದ್ದಾಗ ಕಾಳಿನೊಳಗೆ ಬಿಟ್ಟುಹೋದ ವಿಷಕ್ಕೆ ಜೀವವಿಲ್ಲ. ಸಾಯುವ ಮಾತೇ ಇಲ್ಲ. ಅಫ್ಲಟಾಕ್ಸಿನ್ ಎಂಬ ಆ ವಿಷ ಒಡೆದುಹೋಗಲು 230 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಿದ ಶಾಖ ಬೇಕು. ನೀರು ಕುದಿಯುವುದು 100 ಡಿಗ್ರಿಗೆ. ಬಾಣಲೆಯಲ್ಲಿ ಹುರಿದರೆ ಒಂದಿಷ್ಟು ಕಡಿಮೆಯಾದೀತು, ಪೂರ್ತಿ ಹೋಗುವುದಿಲ್ಲ.

ಈ ವಿಷ ಮನುಷ್ಯನ ಕಣ್ಣಿಗೆ ಬಿದ್ದದ್ದು ಕೋಳಿಗಳ ಸಾವಿನಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 1 ಲಕ್ಷ ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು. ಕಾರಣ ಗೊತ್ತಾಗದೆ ಅದನ್ನು ‘ಟರ್ಕಿ ಎಕ್ಸ್ ರೋಗ’ ಎಂದೇ ಕರೆದರು. ಸತ್ತ ಕೋಳಿಗಳ ಯಕೃತ್ತು ಹಾಳಾಗಿತ್ತು. ಸೋಂಕು ರೋಗವಿರಬಹುದೆಂದು ಹುಡುಕಿದವರಿಗೆ ಕೊನೆಗೆ ಸಿಕ್ಕಿದ್ದು ಅವುಗಳ ಮೇವು: ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ. ಅದರಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬೆಳೆದಿತ್ತು. ಅದರ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿಯೇ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುವುದು ‘ಬಿ’ ಜಾತಿ, ಹಸಿರಾಗಿ ಹೊಳೆಯುವುದು ‘ಜಿ’ ಜಾತಿ. ಮಾಮೂಲಿ ಬೆಳಕಿನಲ್ಲಿ ಎರಡೂ ಕಾಣವು. ರುಚಿಯಿಲ್ಲ, ವಾಸನೆಯಿಲ್ಲ. ಹಾಗಾದರೆ ಆ ಬೀಜದ ಕಹಿ ಎಲ್ಲಿಂದ ಬಂತು ಎಂದು ಕೇಳಬಹುದು. ಅದು ವಿಷದ ಕಹಿಯಲ್ಲ. ಬೀಜ ಕೆಟ್ಟು, ಅದರೊಳಗಿನ ಎಣ್ಣೆ ಹಾಳಾದ ಕಹಿ. ಆದರೆ ಬೀಜ ಕೆಟ್ಟ ಕಡೆ ಬೂಷ್ಟು ಬಂದಿರುವ ಸಂಭವ ಹೆಚ್ಚು. ಕಹಿಯನ್ನು ಎಚ್ಚರಿಕೆಯ ಗಂಟೆ ಎಂದುಕೊಳ್ಳಿ.

ಇಂಗ್ಲೆಂಡಿನ ಕೋಳಿಗಳ ಕಥೆ ಮೈಸೂರಿನವರೆಗೂ ಬಂತು. ಆ ಕಾಲದಲ್ಲಿ, ಎಣ್ಣೆ ತೆಗೆದ ಮೇಲೆ ಉಳಿಯುವ ಕಡಲೆಕಾಯಿ ಹಿಟ್ಟು ಬಡಮಕ್ಕಳ ಪಾಲಿನ ಅಗ್ಗದ ಪ್ರೋಟೀನು ಎಂದು ಎಲ್ಲರ ನೆಚ್ಚಿಗೆಯಾಗಿತ್ತು. ಪ್ರೋಟೀನಿನ ಕೊರತೆಯಿಂದ ಕಾಲು, ಮುಖ ಊದಿಕೊಂಡ ಮಕ್ಕಳಿಗೆ ಅದನ್ನು ಪೂರಕ ಆಹಾರವಾಗಿ ಕೊಡುತ್ತಿದ್ದರು. ಹಾಗೆ ಕೊಟ್ಟ ಹಿಟ್ಟಿನಲ್ಲಿ ಅಫ್ಲಟಾಕ್ಸಿನ್ ಇದ್ದದ್ದು ಆಮೇಲೆ ತಿಳಿಯಿತು. ಅದನ್ನು ತಿಂದ ಮಕ್ಕಳ ಯಕೃತ್ತು ಗಟ್ಟಿಯಾಗಿ ಸಿರೋಸಿಸ್ ಕಾಣಿಸಿಕೊಂಡದ್ದನ್ನು ಮೈಸೂರಿನ ವೈದ್ಯರೂ ಅಲ್ಲಿನ ಆಹಾರ ಸಂಶೋಧನಾಲಯದ ವಿಜ್ಞಾನಿಗಳೂ ಸೇರಿ 1971ರಲ್ಲಿ ವರದಿ ಮಾಡಿದರು. ಮೊದಲೇ ಸೊರಗಿದ ಮಕ್ಕಳು. ಹಾನಿಯಲ್ಲಿ ವಿಷದ ಪಾಲೆಷ್ಟು, ಹಸಿವಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಆದರೂ ಪುಷ್ಟಿಗೆಂದು ಕೊಟ್ಟದ್ದೇ ಹೀಗಾಯಿತಲ್ಲ ಎಂಬುದನ್ನು ಓದುವಾಗ ಇಂದಿಗೂ ಮನಸ್ಸು ಹಿಂಡುತ್ತದೆ.

ಇದಾಗಿ ಕೆಲವೇ ವರ್ಷಕ್ಕೆ, 1974ರಲ್ಲಿ, ರಾಜಸ್ಥಾನದ ಬಾಂಸ್‌ವಾಡಾ ಮತ್ತು ಪಕ್ಕದ ಗುಜರಾತಿನ ಪಂಚಮಹಲ್ ಜಿಲ್ಲೆಗಳ ಬುಡಕಟ್ಟು ಜನರಲ್ಲಿ ವಿಚಿತ್ರವಾದ ಕಾಮಾಲೆ ಹಬ್ಬಿತು. ಕಣ್ಣು ಹಳದಿಯಾದ ಬೆನ್ನಿಗೇ ಹೊಟ್ಟೆಯಲ್ಲಿ ನೀರು ತುಂಬುತ್ತಿತ್ತು. ಆಸ್ಪತ್ರೆಯ ಲೆಕ್ಕಕ್ಕೆ ಸಿಕ್ಕ 397 ರೋಗಿಗಳಲ್ಲಿ 106 ಮಂದಿ ಸತ್ತರು. ಮನೆಯ ನಾಯಿಗಳಿಗೂ ಅದೇ ರೋಗ ಬಂದಿತ್ತು. ಮನೆಯವರೂ ನಾಯಿಗಳೂ ಉಂಡದ್ದು ಒಂದೇ, ಮಳೆಗೆ ನೆಂದು ಬೂಷ್ಟು ಹಿಡಿದ ಮೆಕ್ಕೆಜೋಳ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಜ್ಞರು ಲೆಕ್ಕ ಹಾಕಿದಾಗ, ಒಬ್ಬೊಬ್ಬರೂ ದಿನಕ್ಕೆ 2ರಿಂದ 6 ಮಿಲಿಗ್ರಾಂ ಅಫ್ಲಟಾಕ್ಸಿನ್ನನ್ನು ಸುಮಾರು ಒಂದು ತಿಂಗಳ ಕಾಲ ತಿಂದಿದ್ದಿರಬಹುದೆಂದು ಕಂಡುಬಂತು.

ಮಿಲಿಗ್ರಾಂ ಎಂದರೆ ಬಹಳ ಚಿಕ್ಕದು ಎನಿಸುತ್ತದೆ. ಈ ವಿಷದ ಅಳತೆಯೇ ಬೇರೆ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಧಾನ್ಯ, ಬೇಳೆಗಳಲ್ಲಿ ಅಫ್ಲಟಾಕ್ಸಿನ್ ಕಿಲೋಗೆ 15 ಮೈಕ್ರೋಗ್ರಾಂ ಮೀರಬಾರದು. ಅಂದರೆ ಹತ್ತು ಟನ್ ಧಾನ್ಯ ತುಂಬಿದ ಲಾರಿಯಲ್ಲಿ ಒಟ್ಟು ಒಂದು ಚಿಟಿಕೆಯಷ್ಟು. ದಿನಕ್ಕೆ ಅರ್ಧ ಕಿಲೋ ಧಾನ್ಯ ತಿಂದರೂ ಈ ಮಿತಿಯೊಳಗೆ ಹೊಟ್ಟೆಗೆ ಹೋಗುವುದು ಏಳೂವರೆ ಮೈಕ್ರೋಗ್ರಾಂ. ಆ ಬಡವರು ತಿಂದದ್ದು ಅದರ ಇನ್ನೂರು ಪಟ್ಟಿಗೂ ಹೆಚ್ಚು.

ಹಾಗೆ ಒಮ್ಮೆಗೇ ನೆಲ ಹಿಡಿಸುವ ಪ್ರಮಾಣ ನಮ್ಮನಿಮ್ಮ ಮನೆಯ ಚಟ್ನಿಪುಡಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಗಾಬರಿ ಬೇಡ. ನಮ್ಮ ಚಿಂತೆ ವರ್ಷಗಟ್ಟಲೆ ಚೂರುಚೂರಾಗಿ ಒಳಗೆ ಹೋಗುವುದರ ಬಗ್ಗೆ. ಅಫ್ಲಟಾಕ್ಸಿನ್ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ಖಚಿತವಾಗಿದೆ. ಹೆಪಟೈಟಿಸ್ ಬಿ ಸೋಂಕು ಇರುವವರಲ್ಲಂತೂ ಈ ಅಪಾಯ ಹಲವು ಪಟ್ಟು ಹೆಚ್ಚು. ಮಗು ಹುಟ್ಟಿದ 24 ಗಂಟೆಯೊಳಗೆ ಹಾಕಿಸುವ ಹೆಪಟೈಟಿಸ್ ಬಿ ಲಸಿಕೆ, ಇಲ್ಲಿ ಒಂದು ದಾರಿಯನ್ನು ಮುಚ್ಚುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ.

ಬೂಷ್ಟು ಬರುವುದು ನಮ್ಮ ಡಬ್ಬಿಯಲ್ಲೇ ಎಂದು ತಿಳಿಯಬೇಡಿ. ಎಷ್ಟೋ ಸಲ ಅದು ಹೊಲದಲ್ಲೇ ಸೇರಿರುತ್ತದೆ. ಚಳ್ಳಕೆರೆ, ಪಾವಗಡದಂಥ ಮಳೆಯಾಶ್ರಿತ ಕಡೆ, ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಬಿಸಿಯೇರಿದರೆ, ಸೊರಗಿದ ಗಿಡದ ಕಾಯೊಳಗೆ ಮಣ್ಣಿನ ಬೂಷ್ಟು ಸುಲಭವಾಗಿ ನುಗ್ಗುತ್ತದೆ. ಕಿತ್ತ ಮೇಲೆ ಮಳೆ ಹಿಡಿದುಕೊಂಡರೆ ಕಾಯಿ ಒಣಗದೆ ಅಲ್ಲಿಯೂ ಬೆಳೆಯುತ್ತದೆ. ಬೀಜ ಬಿಡಿಸಲು ಸುಲಭವಾಗಲೆಂದೋ ತೂಕ ಬರಲೆಂದೋ ಒಣಗಿದ ಕಾಯಿಗೆ ನೀರು ಚಿಮುಕಿಸುವ ರೂಢಿಯೂ ಇದೆ. ಬೂಷ್ಟಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರಿಲ್ಲ.

ಇಷ್ಟರ ನಡುವೆ ಸಮಾಧಾನದ ಒಂದು ಸಂಗತಿ ಉಂಟು. ಈ ವಿಷ ರಾಶಿಯಲ್ಲೆಲ್ಲ ಸಮವಾಗಿ ಹರಡಿರುವುದಿಲ್ಲ. ನೂರಾರು ಒಳ್ಳೆಯ ಬೀಜಗಳ ನಡುವೆ ಎಲ್ಲೋ ಕೆಲವು ಕೆಟ್ಟವುಗಳಲ್ಲಿ ಅದು ಮುದ್ದೆಗಟ್ಟಿರುತ್ತದೆ. ಹಾಗಾಗಿ ಅಜ್ಜಿಯರು ಮೊರ ಹಿಡಿದು ಕೂತು ಆರಿಸುತ್ತಿದ್ದದ್ದು ಬರಿಯ ಕಲ್ಲು ತೆಗೆಯುವ ಕೆಲಸವಾಗಿರಲಿಲ್ಲ. ಸುಕ್ಕುಗಟ್ಟಿದ್ದು, ಬಣ್ಣ ಕೆಟ್ಟದ್ದು, ಹುಳ ತೂತು ಮಾಡಿದ್ದು, ಮೊಳಕೆ ಬಂದದ್ದು, ಬಿಡಿಸಿದರೆ ಒಳಗೆ ಬಿಳಿ ಅಥವಾ ಹಸಿರು ಪುಡಿ ಕಾಣುವುದು, ಇವನ್ನು ತೆಗೆದರೆ ವಿಷದ ಬಹುಪಾಲು ಹೋದ ಹಾಗೆ. ಹುರಿದು ಸಿಪ್ಪೆ ತೆಗೆದಾಗ ಇನ್ನೊಮ್ಮೆ ನೋಡಿ. ಆರಿಸಿ ತೆಗೆದದ್ದನ್ನು ‘ಹಾಳು ಮಾಡುವುದೇಕೆ’ ಎಂದು ಕೋಳಿಗೋ ಹಸುವಿಗೋ ಹಾಕಬೇಡಿ. ಬೂಷ್ಟು ಹಿಡಿದ ಹಿಂಡಿ ತಿಂದ ಹಸುವಿನ ಹಾಲಿನಲ್ಲಿ ಈ ವಿಷ ತುಸು ರೂಪ ಬದಲಿಸಿಕೊಂಡು ಬರುತ್ತದೆ, ಹಾಲು ಕಾಯಿಸಿದರೂ ಹೋಗುವುದಿಲ್ಲ. ಪುಡಿ ಮಾಡಿದ್ದನ್ನು ಕೊಳ್ಳುವುದಕ್ಕಿಂತ ಇಡೀ ಬೀಜ ಕೊಂಡು ಮನೆಯಲ್ಲೇ ಪುಡಿ ಮಾಡುವುದು ಮೇಲು. ಪುಡಿಯಾದ ಮೇಲೆ ಕೆಟ್ಟ ಬೀಜ ಯಾವುದೆಂದು ಯಾರ ಕಣ್ಣಿಗೂ ಬೀಳದು. ಗಾಣದ ಎಣ್ಣೆ ಕೊಳ್ಳುವವರು ಯಾವ ಬೀಜ ಹಾಕುತ್ತಾರೆಂದು ಒಮ್ಮೆ ನೋಡಿ ಬನ್ನಿ. ಶುದ್ಧೀಕರಿಸಿದ ಎಣ್ಣೆಯಲ್ಲಿ ಈ ವಿಷ ಬಹುತೇಕ ಹೋಗಿರುತ್ತದೆ, ಗಾಣದ್ದರಲ್ಲಿ ಸ್ವಲ್ಪ ಉಳಿಯಬಹುದು.

ಕಡಲೆಕಾಯಿಗೆ ಇನ್ನೊಂದು ಕಾಟವೂ ಇದೆ, ಅದು ಬ್ಯಾಕ್ಟೀರಿಯಾದ್ದು. ಇದಕ್ಕೆ ದೊಡ್ಡ ಉದಾಹರಣೆ ಅಮೆರಿಕದ್ದು. 2008ರ ಕೊನೆಗೆ ಅಲ್ಲಿ ಬೇರೆಬೇರೆ ರಾಜ್ಯಗಳಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದಿಂದ ಜ್ವರ, ಹೊಟ್ಟೆನೋವು, ಭೇದಿ ಕಾಣಿಸಿಕೊಂಡವು. ಹುಡುಕುತ್ತ ಹೋದಾಗ ದಾರಿ ಜಾರ್ಜಿಯಾ ರಾಜ್ಯದ ಬ್ಲೇಕ್ಲಿ ಎಂಬ ಊರಿನ ಕಾರ್ಖಾನೆಗೆ ತಲುಪಿತು. ಪೀನಟ್ ಕಾರ್ಪೊರೇಷನ್ ಆಫ್ ಅಮೆರಿಕಾ ಎಂಬ ಕಂಪನಿಯದು. ಸರಿಯಾಗಿ ಹುರಿದರೆ ಸಾಲ್ಮೊನೆಲ್ಲಾ ಸಾಯುತ್ತದೆ. ಆದರೆ ಹುರಿದ ಮೇಲೆ ಸೋರುವ ಚಾವಣಿಯಿಂದಲೋ ಹಸಿ ಬೀಜದ ಸಂಪರ್ಕದಿಂದಲೋ ಮತ್ತೆ ಸೇರಿದರೆ ಕೊಲ್ಲುವವರಾರು? ಒಣ ಕಡಲೆಕಾಯಿಯಲ್ಲಿ ಅದು ಬೆಳೆಯುವುದಿಲ್ಲ, ಆದರೆ ತಿಂಗಳುಗಟ್ಟಲೆ ಸುಮ್ಮನೆ ಬದುಕಿರುತ್ತದೆ. ಬೀಜದ ಎಣ್ಣೆ ಅದಕ್ಕೆ ಕಂಬಳಿಯಂತೆ ರಕ್ಷಣೆ ಕೊಡುತ್ತದೆ.

46 ರಾಜ್ಯಗಳಲ್ಲಿ 714 ಮಂದಿ ಕಾಯಿಲೆ ಬಿದ್ದದ್ದು ದಾಖಲಾಯಿತು. 9 ಸಾವುಗಳನ್ನು ಇದರೊಂದಿಗೆ ಸೇರಿಸಿ ಎಣಿಸಿದರು. ಆ ಕಂಪನಿಯ ಕಡಲೆಕಾಯಿ ಮುದ್ದೆಯನ್ನು ಕೊಂಡು ಬಿಸ್ಕತ್ತು, ಮಿಠಾಯಿ, ಐಸ್‌ಕ್ರೀಮು, ಕೊನೆಗೆ ನಾಯಿ ಬಿಸ್ಕತ್ತನ್ನೂ ಮಾಡಿದ್ದ ಕಂಪನಿಗಳು ನೂರಾರು. ಸುಮಾರು 3,900 ಬಗೆಯ ತಿನಿಸುಗಳನ್ನು ಅಂಗಡಿಗಳಿಂದಲೂ ಮನೆಗಳಿಂದಲೂ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ತಮ್ಮದೇ ಪರೀಕ್ಷೆಯಲ್ಲಿ ಸಾಲ್ಮೊನೆಲ್ಲಾ ಇದೆಯೆಂದು ತಿಳಿದ ಮೇಲೂ ಮಾಲನ್ನು ಕಳಿಸಿದ್ದರೆಂಬುದು ವಿಚಾರಣೆಯಲ್ಲಿ ಹೊರಬಿತ್ತು. 2015ರಲ್ಲಿ ಕಂಪನಿಯ ಮುಖ್ಯಸ್ಥನಿಗೆ 28 ವರ್ಷಗಳ ಸೆರೆವಾಸವಾಯಿತು.

ಬೂಷ್ಟಿನ ವಿಷಕ್ಕಾಗಿಯೂ ಮಾಲನ್ನು ವಾಪಸು ಕರೆಸುವುದುಂಟು. ಕೆನ್ಯಾದಲ್ಲಿ 2004ರಲ್ಲಿ ಮೆಕ್ಕೆಜೋಳದ ಅಫ್ಲಟಾಕ್ಸಿನ್‌ನಿಂದ 317 ಮಂದಿ ಕಾಯಿಲೆ ಬಿದ್ದು 125 ಮಂದಿ ಸತ್ತಿದ್ದರು. 2019ರ ನವೆಂಬರಿನಲ್ಲಿ ಅದೇ ದೇಶ, ವಿಷ ಮಿತಿ ಮೀರಿದೆಯೆಂದು 5 ಬ್ರಾಂಡಿನ ಮೆಕ್ಕೆಜೋಳದ ಹಿಟ್ಟಿನ ಮಾರಾಟವನ್ನು ತಡೆದು, ಅಂಗಡಿಗಳಿಂದ ತೆಗೆಸಿತು.

ಇಂಥ ವಾಪಸಾತಿಗೆ ಬೇಕಾದದ್ದು ಪೊಟ್ಟಣದ ಮೇಲಿನ ಒಂದು ಸಣ್ಣ ಸಾಲು: ಬ್ಯಾಚ್ ನಂಬರು, ತಯಾರಾದ ತಾರೀಖು. ಯಾವ ದಿನದ ಮಾಲು ಯಾವ ಊರಿಗೆ ಹೋಯಿತೆಂದು ಅದರಿಂದಲೇ ಗೊತ್ತಾಗಬೇಕು. ನಮ್ಮಲ್ಲೂ 2006ರ ಆಹಾರ ಸುರಕ್ಷತಾ ಕಾಯಿದೆಯಲ್ಲಿ ಇದಕ್ಕೆ ಅವಕಾಶವಿದೆ, 2017ರಲ್ಲಿ ಪ್ರತ್ಯೇಕ ನಿಯಮಗಳೂ ಬಂದಿವೆ. ಅಸುರಕ್ಷಿತವೆಂದು ತಿಳಿದ ಮಾಲನ್ನು ತಯಾರಕನೇ ಹಿಂದಕ್ಕೆ ಪಡೆಯಬೇಕು. ಆದರೆ ಮೂಟೆಯಿಂದ ಅಳೆದು ಕಾಗದದಲ್ಲಿ ಕಟ್ಟಿಕೊಟ್ಟ ಕಡಲೆಬೀಜಕ್ಕೆ ಯಾವ ನಂಬರು? ಅದನ್ನು ಯಾರು, ಎಲ್ಲಿಂದ ವಾಪಸು ಕರೆದಾರು? ಬಾಂಸ್‌ವಾಡಾದ ಜನ ತಿಂದದ್ದು ಕಾರ್ಖಾನೆಯ ಪೊಟ್ಟಣವನ್ನಲ್ಲ. ಬಿಡಿ ಮಾಲು ಕೊಳ್ಳುವ ಮನೆಯಲ್ಲಿ ಪರೀಕ್ಷಾಲಯವೂ ನೀವೇ, ಇನ್‌ಸ್ಪೆಕ್ಟರೂ ನೀವೇ. ಪೊಟ್ಟಣಕ್ಕಿಂತ ಬಿಡಿ ಮಾಲು ಕೆಟ್ಟದ್ದು ಎಂದು ಹೇಳುತ್ತಿಲ್ಲ. ಕಣ್ಣಾರೆ ನೋಡಿ ಆರಿಸುವ ಅವಕಾಶ ಇರುವುದೂ ಅದರಲ್ಲೇ. ಅಂಗಡಿಯಲ್ಲಿ ಒಂದು ಹಿಡಿ ಕೈಗೆ ತೆಗೆದುಕೊಂಡು ಮೂಸಿ. ಮುಗ್ಗಲು ವಾಸನೆ ಬಂದರೆ ಬೆಲೆ ಎಷ್ಟೇ ಇಳಿದಿರಲಿ, ಬೇಡ. ಹದಿನೈದು ದಿನಕ್ಕೆ ಆಗುವಷ್ಟು ತಂದು, ಚೆನ್ನಾಗಿ ಒಣಗಿದ ಡಬ್ಬಿಯಲ್ಲಿ ಹಾಕಿಡಿ. ಮಳೆಗಾಲದಲ್ಲಿ ಗೋಡೆಗೂ ನೆಲಕ್ಕೂ ತಾಗದ ಕಡೆ ಇಡಿ, ಒದ್ದೆ ಚಮಚ ಹಾಕಬೇಡಿ.

ಪೊಟ್ಟಣದ್ದಾದರೆ, ಡಬ್ಬಿಗೆ ಸುರಿದ ಕೂಡಲೇ ಹೊದಿಕೆಯನ್ನು ಕಸಕ್ಕೆ ಎಸೆಯಬೇಡಿ. ನಂಬರು, ತಾರೀಖು ಇರುವ ತುಂಡನ್ನು ಕತ್ತರಿಸಿ ಡಬ್ಬಿಯೊಳಗೇ ಹಾಕಿಡಿ. ಪತ್ರಿಕೆಯಲ್ಲಿ ವಾಪಸಾತಿಯ ಪ್ರಕಟಣೆ ಬಂದ ದಿನ ಹೋಲಿಸಿ ನೋಡಲು ಅದೊಂದೇ ಆಧಾರ. ನಂಬರು ಕೂಡಿದರೆ ರುಚಿ ನೋಡಿ ತೀರ್ಮಾನಿಸುವುದಾಗಲಿ, ಇನ್ನೊಮ್ಮೆ ಹುರಿದು ನೋಡುವುದಾಗಲಿ ಬೇಡ. ಕಟ್ಟಿ ಅಂಗಡಿಗೆ ಹಿಂದಿರುಗಿಸಿ. ಮನೆಯಲ್ಲಿ ಯಾರಿಗಾದರೂ ಜ್ವರದೊಡನೆ ಭೇದಿ ಶುರುವಾಗಿ, ಅದರಲ್ಲೂ ಎಳೆಮಕ್ಕಳು, ಬಸುರಿಯರು, ವಯಸ್ಸಾದವರಾದರೆ, ಕಾಯದೆ ವೈದ್ಯರಿಗೆ ತೋರಿಸಿ. ಹೋಗುವಾಗ ಆ ತುಂಡೂ ಕೈಯಲ್ಲಿರಲಿ.