ಕಂಬಳಿ ಹೊದಿಸುವ ಮುನ್ನ

ಟೊರಾಂಟೊ, ಮಿನಿಯಾಪೊಲಿಸ್ ಕಡೆ ನೆಲೆಸಿ, ಮೊದಲ ಸಲ ಎಲೆಕ್ಟ್ರಿಕ್ ಕಾರು ಕೊಂಡ ಕನ್ನಡದ ಗೆಳೆಯರಿಗೊಂದು ಮಾತು. ಚಳಿ ಬಂತೆಂದು ಬ್ಯಾಟರಿಯ ಸುತ್ತ ಥರ್ಮಾಕೋಲು, ಫೋಮು ತುರುಕಲು ಹೋಗಬೇಡಿ. ಕಲ್ಲಿಗೆ ಕಂಬಳಿ ಹೊದಿಸಿದರೆ ಬೆಚ್ಚಗಾದೀತೇ? ಹೊದಿಕೆ ಶಾಖ ಹುಟ್ಟಿಸದು. ಇದ್ದುದನ್ನು ಕೊಂಚ ಹೊತ್ತು ಹಿಡಿದಿಟ್ಟೀತು, ಅಷ್ಟೆ. ಎರಡು ದಿನ ಹಿಮದಲ್ಲಿ ನಿಂತ ಕಾರಿಗೆ ಅದರಿಂದ ಹೆಚ್ಚೇನೂ ಉಪಯೋಗವಿಲ್ಲ. ಬೇಸಿಗೆಯಲ್ಲಂತೂ ಅದೇ ಫೋಮು ಬಿಸಿ ಹೊರಹೋಗದಂತೆ ತಡೆಯುತ್ತದೆ.

ಬ್ಯಾಟರಿಗೆ ಬೇಕಾದದ್ದು ಶಾಖ. 0 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ಲಿಥಿಯಂ-ಅಯಾನ್ ಬ್ಯಾಟರಿಯನ್ನು ರಭಸವಾಗಿ ಚಾರ್ಜ್ ಮಾಡಿದರೆ, ಲಿಥಿಯಂ ಅದರ ಒಳಗಿನ ಗ್ರಾಫೈಟಿನೊಳಕ್ಕೆ ಇಳಿಯದೆ ಮೇಲೆಯೇ ಲೋಹದ ಪದರವಾಗಿ ಕೂರುತ್ತದೆ. ಬ್ಯಾಟರಿಯ ಆಯಸ್ಸು ಸವೆಯುತ್ತದೆ. ಅದಕ್ಕೇ ಕಾರು ಮೊದಲು ಬ್ಯಾಟರಿಯನ್ನು ಕಾಯಿಸಿಕೊಂಡು, ನಿಧಾನಕ್ಕೆ ಚಾರ್ಜ್ ತೆಗೆದುಕೊಳ್ಳುವುದು.

ಹಾಗಾಗಿ ರಾತ್ರಿ ಕಾರನ್ನು ಪ್ಲಗ್ಗಿಗೆ ಹಾಕಿಯೇ ಮಲಗಿ. ಹೊರಡುವ ಅರ್ಧ ಗಂಟೆ ಮೊದಲು ಆ್ಯಪ್‌ನಲ್ಲಿ ಹೀಟಿಂಗ್ ಶುರುಮಾಡಿ; ಆ ಖರ್ಚು ಹೆಚ್ಚಾಗಿ ಮನೆಯ ಕರೆಂಟಿನದು, ಬ್ಯಾಟರಿಯದಲ್ಲ. ಫಾಸ್ಟ್ ಚಾರ್ಜರಿಗೆ ಹೋಗುವಾಗ ಅದರ ವಿಳಾಸವನ್ನು ನ್ಯಾವಿಗೇಶನ್ನಿನಲ್ಲಿ ಹಾಕಿ. ಎಷ್ಟೋ ಕಾರುಗಳು ದಾರಿಯಲ್ಲೇ ಬ್ಯಾಟರಿ ಕಾಯಿಸಿಕೊಳ್ಳುತ್ತವೆ. ಒಳಗೆ ಕೂತಾಗ ಮೊದಲು ಸೀಟಿನ ಹೀಟರ್ ಹಾಕಿ. ಇಡೀ ಕಾರಿನ ಗಾಳಿಗಿಂತ ಬೆನ್ನೊಂದನ್ನು ಬೆಚ್ಚಗಿಡುವುದು ಅಗ್ಗ.