ಕಪ್ಪತಗುಡ್ಡದ ಸೀಮೆಯಲ್ಲಿ ಕೌಜುಗದ ಜಾಡು

ನವಿಲು, ಕಾಡುಕೋಳಿಗಳ ಕುಲಕ್ಕೇ ಸೇರಿದ ಕೌಜುಗದ ನಡವಳಿಕೆಯನ್ನು ಹಿಂದೆ ಬಂದೂಕು ಹೊತ್ತು ಬಯಲಿಗಿಳಿಯುತ್ತಿದ್ದ ಬೇಟೆಗಾರನು ಬಲ್ಲಷ್ಟು ಸೂಕ್ಷ್ಮವಾಗಿ ಇಂದಿನ ಪಕ್ಷಿಪ್ರಿಯರು ಬಲ್ಲರೆಂದು ನನಗೆ ತೋರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಉರುಳೊಡ್ಡುವುದನ್ನೂ ಮೊಟ್ಟೆ ಕೆಡಿಸುವುದನ್ನೂ ಬೇಟೆಯೆಂದೇ ಎಣಿಸಿರುವುದರಿಂದ, ಆ ಪ್ರಾಚೀನ ಜ್ಞಾನಕ್ಕೆ ಈಗ ದುರ್ಬೀನು ಹಿಡಿದವರೇ ವಾರಸುದಾರರು.

ಮೊದಲು ಸ್ಥಳ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಸುತ್ತಿನಲ್ಲಿ ವಿಸ್ತಾರವಾದ ಎರೆಹೊಲದ ನಟ್ಟನಡುವೆ ಹುಡುಕಿ ಪ್ರಯೋಜನವಿಲ್ಲ. ಜಾಲಿ, ಕಾರೆಗಳ ಪೊದೆಯೂ ಬಿತ್ತಿದ ಹೊಲವೂ ಸಂಧಿಸುವ ಬದುವನ್ನೇ ಆರಿಸಿಕೊಳ್ಳತಕ್ಕದ್ದು. ಇರುಳಿಗೆ ತಗ್ಗಾದ ಮುಳ್ಳುಮರ, ಹಗಲಿಗೆ ಉದುರಿದ ಕಾಳು ಮತ್ತು ಗೆದ್ದಲು, ಇವೆರಡೂ ಕೂಗಳತೆಯಲ್ಲಿ ದೊರೆಯುವ ಕಡೆಯಲ್ಲೇ ಅದರ ಸಂಸಾರ.

ಸೂರ್ಯೋದಯಕ್ಕೆ ಮುನ್ನವೇ ಅಲ್ಲಿ ಕುಳಿತಿರಬೇಕು. ‘ಕಟೀಟರ್, ಕಟೀಟರ್’ ಎಂದು ಒಂದು ಹಕ್ಕಿ ಕೂಗಿದೊಡನೆ ಆಚೆಯ ಬದುವಿನಿಂದ ಮತ್ತೊಂದು ಓಗೊಡುವುದು. ಎರಡರ ದಿಕ್ಕನ್ನೂ ಗುರುತಿಟ್ಟುಕೊಂಡು ಸುಮ್ಮನಿರಿ, ಎದ್ದು ಓಡಬೇಡಿ. ಬಿಸಿಲೇರಿದ ಮೇಲೆ ಬಂಡಿದಾರಿಯ ಸಡಿಲ ಮಸಾರಿ ಮಣ್ಣನ್ನು ನೋಡಿರಿ: ಅಂಗೈಯಗಲದ ತಗ್ಗು, ಅದರಲ್ಲೊಂದು ಕಂದುಗೆರೆಯ ಪುಕ್ಕ ಕಂಡರೆ, ಅದು ಹಕ್ಕಿ ಧೂಳುಸ್ನಾನ ಮಾಡಿದ ಠಾವು.

ಹೊಸಬರು ಸೋಲುವುದು ಇದರ ಓಟದಲ್ಲಿ. ಮನುಷ್ಯನನ್ನು ಕಂಡ ಕೌಜುಗವು ಹಾರುವುದಕ್ಕಿಂತ ಪೊದೆಯಿಂದ ಪೊದೆಗೆ ಓಡುವುದನ್ನೇ ಬಯಸುವುದರಿಂದ, ಕಂಡ ಜಾಗವನ್ನು ಬಿಟ್ಟು ಬದುವಿನ ಮುಂಭಾಗದತ್ತ ದೃಷ್ಟಿ ನೆಡಬೇಕು. ತೀರಾ ಸಮೀಪಿಸಿದರೆ ಕಾಲಬುಡದಿಂದಲೇ ಭರ್ರೆಂದು ಚಿಮ್ಮಿ, ಸ್ವಲ್ಪ ದೂರ ಹಾರಿ, ರೆಕ್ಕೆ ಚಾಚಿ ತೇಲುತ್ತ ಇಳಿದು, ಇಳಿದೊಡನೆ ಮತ್ತೆ ಓಡುವುದಾದ್ದರಿಂದ, ಇಳಿದ ಕಡೆ ಹುಡುಕುವವನಿಗೆ ಬರಿಯ ಹುಲ್ಲೇ ದಕ್ಕುವುದು. ಆ ಕ್ಷಣದಲ್ಲಿ ಬಾಲದಂಚಿನ ಕೆಂಗಂದು ಬಣ್ಣವನ್ನೂ, ನಿಂತಾಗ ನಸುಹಳದಿ ಗಂಟಲನ್ನು ಸುತ್ತಿದ ತೆಳುವಾದ ಕರಿಗೆರೆಯನ್ನೂ ಗಮನಿಸಿದರೆ ಗುರುತು ತಪ್ಪದು. ಕಾಲಲ್ಲಿ ಚೂಪಾದ ಮುಳ್ಳಿದ್ದರೆ ಸಾಮಾನ್ಯವಾಗಿ ಗಂಡು.

ಇದೇ ಸೀಮೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳಿಗೆ ಚಳಿಗಾಲದಲ್ಲಿ ಜನ ಮುತ್ತುತ್ತಾರೆ. ದಾರಿಬದಿಯ ಈ ಹಕ್ಕಿಯನ್ನು ಕೇಳುವವರಿಲ್ಲ. ಅದಕ್ಕೊಂದು ಲಾಭವೂ ಇದೆಯೆನ್ನಿ.

ಗೂಡೆಂದರೆ ಪೊದೆಯ ಬುಡದಲ್ಲಿ ನೆಲ ಕೆರೆದ ತಗ್ಗು, ಅದರಲ್ಲಿ ಕೆನೆಬಣ್ಣದ ನಾಲ್ಕರಿಂದ ಎಂಟು ಮೊಟ್ಟೆ. ಕಂಡರೆ ಮುಟ್ಟದೆ ಹಿಂದಿರುಗಿ. ನಾಯಿಯನ್ನು ಮನೆಯಲ್ಲೇ ಬಿಟ್ಟು ಬರತಕ್ಕದ್ದು. ಉರುಳು ಕಣ್ಣಿಗೆ ಬಿದ್ದರೆ ಸ್ಥಳದ ಚಿತ್ರ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ. ಕಪ್ಪತಗುಡ್ಡವು 2019ರಿಂದ ವನ್ಯಜೀವಿಧಾಮವಾಗಿರುವುದರಿಂದ ಒಳಹೋಗಲು ಇಲಾಖೆಯ ಅನುಮತಿ ಬೇಕು. ಹೊರಗಿನ ಬದುಗಳಿಗೆ ಹೊಲದೊಡೆಯನ ಒಪ್ಪಿಗೆ ಸಾಕು.