ಡಬ್ಲಿನ್‌ನಲ್ಲಿರುವ ಮೊಮ್ಮಗಳಿಗೆ: ವಯಸ್ಸಾದ ನಾಯಿಯ ವಿಚಾರ

ಐರ್ಲೆಂಡಿನಲ್ಲಿ ಬೀದಿಯಲ್ಲಿ ಸಿಕ್ಕ ನಾಯಿ ಸ್ಥಳೀಯ ಆಡಳಿತದ ನಾಯಿದೊಡ್ಡಿ (ಪೌಂಡ್) ಸೇರುತ್ತದೆ. 1986ರ ನಾಯಿ ನಿಯಂತ್ರಣ ಕಾಯ್ದೆಯಂತೆ ಐದು ದಿನದೊಳಗೆ ವಾರಸುದಾರರು ಬಾರದಿದ್ದರೆ ಅದನ್ನು ಬೇರೆಯವರಿಗೆ ಕೊಡಬಹುದು, ಕೊಲ್ಲಲೂಬಹುದು. ಇನ್ನು ಕೆಲವು ನಾಯಿಗಳು ಆಶ್ರಯಧಾಮಗಳಲ್ಲಿ ಕಾಯುತ್ತವೆ: 1840ರಲ್ಲಿ ಹುಟ್ಟಿದ ಡಬ್ಲಿನ್‌ನ ಡಿಎಸ್‌ಪಿಸಿಎ, ಫಿಂಗ್ಲಸ್‌ನ ಡಾಗ್ಸ್ ಟ್ರಸ್ಟ್ ಅಂಥವು. ಮರಿಗಳನ್ನು ಜನ ಬೇಗ ಒಯ್ಯುತ್ತಾರೆ. ಮೂತಿ ನರೆತವು ಉಳಿಯುತ್ತವೆ.

ಇತ್ತ ನಮ್ಮ ಊರು ಸಾಗರದ ಕಡೆಯ ತೋಟದ ಮನೆಗಳಲ್ಲಿ ಮುದಿಯಾಯಿತೆಂದು ನಾಯಿಯನ್ನು ಅಟ್ಟುವ ರೂಢಿ ಇರಲಿಲ್ಲ. ಈ ಪತ್ರ ಬರೆಯುವ ಅಜ್ಜನ ಮನೆಯ ನಾಯಿ ಕರಿಯನಿಗೆ ಕೊನೆಗಾಲಕ್ಕೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತುಳಸಿಕಟ್ಟೆಗೆ ಮೂತಿ ತಾಗಿಸಿ, ಅಲ್ಲಿಂದ ಬಲಕ್ಕೆ ತಿರುಗಿ ಕೊಟ್ಟಿಗೆ ಸೇರುತ್ತಿತ್ತು. ಹಲ್ಲು ಬಿದ್ದ ಮೇಲೆ ಅಮ್ಮ ಅನ್ನವನ್ನು ಮಜ್ಜಿಗೆಯಲ್ಲಿ ಕಿವುಚಿ ಅಡಿಕೆ ಹಾಳೆಯಲ್ಲಿ ಇಡುತ್ತಿದ್ದಳು. ಮಳೆಗಾಲದಲ್ಲಿ ಬಚ್ಚಲೊಲೆಯ ಪಕ್ಕ ಗೋಣಿಚೀಲ ಹಾಸಿದರೆ ಬೆಳಗಿನವರೆಗೂ ಅಲ್ಲೇ. ಬೊಗಳುವುದನ್ನು ಎಂದೋ ಬಿಟ್ಟಿದ್ದರೂ ಅದರ ಊಟ ಒಂದು ಹೊತ್ತೂ ತಪ್ಪಿರಲಿಲ್ಲ.

ಜಾಹೀರಾತು ನೋಡಿ ಮರಿಗೆ ಮುಂಗಡ ಕೊಡಲು ಹೊರಟ ಮೊಮ್ಮಗಳಿಗೆ ಇದು ಹಳೆಯ ಕಾಲದ ಮಾತು ಅನ್ನಿಸೀತು. ದಿನವಿಡೀ ಆಫೀಸಿನಲ್ಲಿರುವವರು ಎಂಟು ವಾರದ ಮರಿಯನ್ನು ಬಾಡಿಗೆ ಮನೆಯಲ್ಲಿ ಒಂಟಿಯಾಗಿ ಕೂಡಿಹಾಕುವುದು ತಪ್ಪು. ಇದನ್ನು ಮೆತ್ತಗೆ ಹೇಳಬೇಕಾಗಿಲ್ಲ. ಒಬ್ಬಳೇ ಇರುವಾಗ ಮನೆಯಲ್ಲೊಂದು ಜೀವ ಬೇಕೆನ್ನಿಸುವುದು ಮಾತ್ರ ಸಹಜವೇ.

ಅದಕ್ಕೆ ಮರಿಯ ಬದಲು ವಯಸ್ಸಾದ ನಾಯಿ ಇದೆ. ದೊಡ್ಡ ತಳಿಯವು ಏಳೆಂಟು ವರ್ಷಕ್ಕೇ, ಚಿಕ್ಕವು ಹತ್ತರ ಆಸುಪಾಸಿನಲ್ಲಿ ವಯಸ್ಸಾದವು ಅನ್ನಿಸಿಕೊಳ್ಳುತ್ತವೆ. ಎಷ್ಟು ದೊಡ್ಡದಾಗುತ್ತದೆ, ಗುಣ ಎಂಥದ್ದು ಎಂಬುದು ಆ ಹೊತ್ತಿಗೆ ಕಣ್ಣೆದುರೇ ಇರುತ್ತದೆ. ಹೆಚ್ಚಿನವು ಮರಿಗಳಿಗಿಂತ ಜಾಸ್ತಿ ಮಲಗುತ್ತವೆ, ಕಡಿಮೆ ಹಾಳುಮಾಡುತ್ತವೆ. ಖರ್ಚು ಇದ್ದೇ ಇದೆ: ಕೀಲುನೋವು, ಹಲ್ಲು, ಮೂತ್ರಪಿಂಡ. ಮೊದಲೇ ಇದ್ದ ಕಾಯಿಲೆಗೆ ವಿಮೆ ಸಾಮಾನ್ಯವಾಗಿ ದಕ್ಕದು. ತಿಂಗಳು ತಿಂಗಳೂ ಒಂದಿಷ್ಟು ಎತ್ತಿಡಬೇಕು. ಲೈಸೆನ್ಸಿಗೆ ವರ್ಷಕ್ಕೆ 20 ಯೂರೊ. 2016ರಿಂದ ಎಲ್ಲ ನಾಯಿಗಳಿಗೂ ಮೈಕ್ರೋಚಿಪ್ ಕಡ್ಡಾಯವಾದ್ದರಿಂದ ಅದರ ನೋಂದಣಿಯೂ ಹೊಸ ಯಜಮಾನರ ಹೆಸರಿಗೆ ಆಗಬೇಕು. ಮನೆ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ರಜೆಗೆ ಊರಿಗೆ ಬಂದಾಗ ನೋಡಿಕೊಳ್ಳುವವರು ಯಾರು ಎಂಬುದೂ ಮೊದಲೇ ಗೊತ್ತಾಗಿರಬೇಕು.

ಇವು ಹೊಂದದಿದ್ದರೆ ಸದ್ಯಕ್ಕೆ ಯಾವ ನಾಯಿಯೂ ಬೇಡ. ಹೊಂದಿದರೆ ಆಶ್ರಯಧಾಮದಲ್ಲಿ ವಯಸ್ಸಾದದ್ದನ್ನೇ ಕೇಳುವುದು ಒಳ್ಳೆಯದು. ಇನ್ನೂ ಅಳುಕಿದ್ದರೆ ನಾಯಿಯನ್ನು ಕೆಲವು ವಾರ ಮನೆಯಲ್ಲಿಟ್ಟು ಸಾಕುವ ಫಾಸ್ಟರ್ ವ್ಯವಸ್ಥೆಯೂ ಅಲ್ಲಿದೆ. ಮರಿಯ ಮುಂಗಡಕ್ಕೆ ಮುನ್ನ ಅದಕ್ಕೊಂದು ಅರ್ಜಿ ಹೋಗಲಿ.